ಪುಣೆಯಲ್ಲಿ ತಾರಸಿ ತೋಟ: ಮೊದಲು ತರಗೆಲೆ, ಆಮೇಲೆ ಬೀಜ

ಪುಣೆಗೆ ಹೊಸದಾಗಿ ಬಂದ ಕನ್ನಡದವರು ಗಿಡ ಬೆಳೆಸಲು ಹೊರಟರೆ ಮೊದಲು ಕೇಳುವುದು ಮಣ್ಣಿನ ವಿಷಯ. "ಇಲ್ಲಿ ಒಳ್ಳೆ ಕೆಂಪು ಮಣ್ಣು ಎಲ್ಲಿ ಸಿಗುತ್ತೆ?" ಊರಿಗೆ ಹೋದಾಗ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಮಣ್ಣು ತುಂಬಿಕೊಂಡು ಬರುವವರೂ ಇದ್ದಾರೆ. ಬಸಳೆ ಬಳ್ಳಿ, ದೊಡ್ಡಪತ್ರೆ ಟೊಂಗೆ, ಒಂದೆಲಗದ ಬೇರು ಖಂಡಿತ ತನ್ನಿ. ಮಣ್ಣು ಬೇಡ. ಇಲ್ಲಿನ ಮನೆತೋಟದ ಪದ್ಧತಿಯೇ ಬೇರೆ. ಅದು ನಿಂತಿರುವುದು ಒಣಗಿದ ಎಲೆ ಮತ್ತು ಅಡುಗೆಮನೆಯ ಹಸಿ ಕಸದ ಮೇಲೆ. ಇಲ್ಲಿ ನಡೆಯುವ ತೋಟದ ಕಾರ್ಯಾಗಾರಕ್ಕೆ ಹೋಗಿ ನೋಡಿ, ಗಿಡದ ಮಾತು ಬರುವ ಹೊತ್ತಿಗೆ ಅರ್ಧ ಸಮಯ ಮುಗಿದಿರುತ್ತದೆ. ಅಲ್ಲಿಯವರೆಗೆ ಬರೀ ಗೊಬ್ಬರದ ಮಾತು. ಬೇಸರ ಮಾಡಿಕೊಂಡು ಎದ್ದು ಬರಬೇಡಿ. ಕಲಿಯಬೇಕಾದದ್ದು ಇರುವುದೇ ಅಲ್ಲಿ.

ಇದಕ್ಕೆ ಗಟ್ಟಿ ಕಾರಣಗಳಿವೆ. ಮೊದಲನೆಯದು ಭಾರ. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೊ. ಅದೇ ಒಂದು ಚದರ ಮೀಟರಿನಲ್ಲಿ ಒಂದಡಿ ಎತ್ತರಕ್ಕೆ ಮಣ್ಣು ತುಂಬಿ ನೀರು ಹಾಕಿದರೆ 500 ಕಿಲೊ ಹತ್ತಿರ ಬರುತ್ತದೆ. ಎಲೆಗೊಬ್ಬರ ಇದಕ್ಕಿಂತ ಎಷ್ಟೋ ಹಗುರ. ಇನ್ನೊಂದು, ಪುಣೆಯ ಸುತ್ತಮುತ್ತ ಸಿಗುವುದು ಹೆಚ್ಚಾಗಿ ಕಪ್ಪು ಮಣ್ಣು. ಧಾರವಾಡ, ವಿಜಯಪುರದ ಕಡೆಯವರಿಗೆ ಎರೆಮಣ್ಣು ಹೊಸದಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದಲ್ಲಿ ಅದು ಬಂಗಾರ. ಕುಂಡದಲ್ಲಿ ಮಾತ್ರ ನೀರು ಇಳಿಯದೆ ಬೇರು ಕೊಳೆಯುತ್ತದೆ.

ಈ ಪದ್ಧತಿಯ ಹಿಂದೆ ದೊಡ್ಡ ಪರಂಪರೆ ಇದೆ. ಕೊಲ್ಹಾಪುರದ ಶ್ರೀಪಾದ ದಾಭೋಳ್ಕರ್ ಗಣಿತ ಕಲಿಸುತ್ತಿದ್ದವರು. ರೈತರೇ ಪ್ರಯೋಗ ಮಾಡಿ, ಕಂಡದ್ದನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವ 'ಪ್ರಯೋಗ ಪರಿವಾರ' ಎಂಬ ಬಳಗ ಕಟ್ಟಿದರು. ದೀಪಕ್ ಸುಚ್ದೆ ಅದನ್ನು ಮುಂದುವರಿಸಿ, ತರಗೆಲೆಯಿಂದಲೇ ಫಲವತ್ತಾದ ಮಣ್ಣು ಮಾಡುವ 'ಅಮೃತ ಮಿಟ್ಟಿ' ಎಂಬ ವಿಧಾನ ಬೆಳೆಸಿದರು. ಮುಂಬಯಿಯಲ್ಲಿ ಆರ್. ಟಿ. ದೋಶಿ ಎಂಬುವರು ಕಬ್ಬಿನ ಸಿಪ್ಪೆಯನ್ನು ಚೀಲಕ್ಕೆ ತುಂಬಿ ತಾರಸಿಯ ಮೇಲೆ ತರಕಾರಿ ಬೆಳೆದು ತೋರಿಸಿದರು. ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲ್, ನೌಕರರ ಊಟದಿಂದ ಬರುವ ಕಸವನ್ನೆಲ್ಲ ಅದೇ ಕಟ್ಟಡದ ತಾರಸಿಗೆ ಏರಿಸಿ ತೋಟ ಮಾಡಿದರು. ಇಂದು ಪುಣೆ, ಮುಂಬಯಿಯ ಕಾರ್ಯಾಗಾರಗಳಲ್ಲಿ ಹೇಳಿಕೊಡುವುದು ಬಹುಪಾಲು ಈ ಜನ ಹಾಕಿದ ದಾರಿಯನ್ನೇ.

ಹೇಳಿಕೊಡುವವರು ಯಾರು?

ಬೆಂಗಳೂರಿನವರಿಗೆ ತೋಟ ಎಂದರೆ ಲಾಲ್‌ಬಾಗ್, ತೋಟಗಾರಿಕೆ ಇಲಾಖೆ. ಇಲ್ಲಿ ಹಾಗೆ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ಮಹಾನಗರಪಾಲಿಕೆಯ ಉದ್ಯಾನ ವಿಭಾಗ, ಕೃಷಿ ವಿಶ್ವವಿದ್ಯಾಲಯ, ಹಳೆಯ ಸಂಸ್ಥೆಗಳು, ನಾಗರಿಕರ ಗುಂಪುಗಳು ಹೀಗೆ ಹಂಚಿಹೋಗಿದೆ. ಸರ್ಕಾರಿ ಕಚೇರಿಗಿಂತ ನಾಗರಿಕರ ಗುಂಪುಗಳೇ ಇಲ್ಲಿ ಹೆಚ್ಚು ಚುರುಕು. ನನ್ನ ಸಲಹೆ, ಅಲ್ಲಿಂದಲೇ ಶುರು ಮಾಡಿ.

ಪುಣೆಯ ಶಿವಾಜಿನಗರದ ಕೃಷಿ ಕಾಲೇಜು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠಕ್ಕೆ ಸೇರಿದ್ದು. ಬೀಜ, ಸಸಿಗೆ ನಂಬಿಕೆಯ ಜಾಗ. 'ಮಾಳಿ ಪ್ರಶಿಕ್ಷಣ' ಎಂಬ ಕೋರ್ಸಿನ ಹೆಸರು ಕಿವಿಗೆ ಬಿದ್ದರೆ ಅದು ತೋಟದ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ, ಮನೆತೋಟದವರಿಗೆ ಅಷ್ಟು ಬೇಕಿಲ್ಲ. ರೇಸ್‌ಕೋರ್ಸ್ ಹತ್ತಿರದ ಎಂಪ್ರೆಸ್ ಗಾರ್ಡನ್ ನಡೆಸುವುದು 1830ರಲ್ಲಿ ಶುರುವಾದ ಒಂದು ಕೃಷಿ-ತೋಟಗಾರಿಕೆ ಸಂಘ. ಜನವರಿಯಲ್ಲಿ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವು ನೋಡಲು ಹೋಗಿ, ಆದರೆ ಮಳಿಗೆಗಳ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಗೊಬ್ಬರ ಮಾಡುವವರು, ದೇಸಿ ಬೀಜ ಇಟ್ಟುಕೊಂಡವರು, ತರಗತಿ ನಡೆಸುವವರು ಅಲ್ಲೇ ಸಿಗುತ್ತಾರೆ. ಫೋನ್ ನಂಬರ್ ತೆಗೆದುಕೊಳ್ಳಿ. ಅವರ ವಾಟ್ಸಾಪ್ ಗುಂಪಿಗೆ ಸೇರಿಕೊಂಡರೆ ಮುಂದಿನ ಕಾರ್ಯಾಗಾರಗಳ ಸುದ್ದಿ ತಾನಾಗಿ ಬರುತ್ತದೆ.

ಪುಣೆಯಲ್ಲಿ ನನಗೆ ಬಹಳ ಇಷ್ಟವಾದದ್ದು 'ಬ್ರೌನ್ ಲೀಫ್'. ಅದಿತಿ ದೇವಧರ್ ಶುರು ಮಾಡಿದ ಬಳಗ. ಒಬ್ಬರ ಅಂಗಳದಲ್ಲಿ ತರಗೆಲೆ ರಾಶಿ ಬಿದ್ದಿರುತ್ತದೆ, ಏನು ಮಾಡುವುದೆಂದು ಗೊತ್ತಿರುವುದಿಲ್ಲ. ಇನ್ನೊಬ್ಬರಿಗೆ ತಾರಸಿಯಲ್ಲಿ ಗೊಬ್ಬರಕ್ಕೆ ಎಲೆ ಬೇಕು, ಸಿಗುವುದಿಲ್ಲ. ಇಬ್ಬರನ್ನೂ ಸೇರಿಸುವುದೇ ಈ ಬಳಗದ ಕೆಲಸ. ಎಲೆಗೆ ಬೆಂಕಿ ಹಚ್ಚುವುದನ್ನು ತಪ್ಪಿಸಬೇಕು ಎಂಬುದು ಇದರ ಹಿಂದಿನ ಕಳಕಳಿ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೂ ಬೇಸಿಗೆಯ ಬೆಳಗ್ಗೆ ಎಲೆ ಸುಟ್ಟ ಹೊಗೆ ಮೂಗಿಗೆ ಬಡಿಯುವುದು ನಿಂತಿಲ್ಲ. ಗೊಬ್ಬರ ಆಗಬೇಕಾದದ್ದು ಬೂದಿಯಾಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಕಾರ್ಯಾಗಾರದಲ್ಲಿ ಏನಾಗುತ್ತದೆ?

ಹೆಚ್ಚಿನವು ಶನಿವಾರ, ಭಾನುವಾರ ಬೆಳಗ್ಗೆ. ಯಾರದ್ದಾದರೂ ತಾರಸಿಯಲ್ಲೋ ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲೋ ನಡೆಯುತ್ತವೆ. ಮಾತು ಮರಾಠಿಯಲ್ಲೇ. ಹೆದರಬೇಡಿ, ಕೇಳಿಕೊಂಡರೆ ಹಿಂದಿಯಲ್ಲೂ ಹೇಳುತ್ತಾರೆ. ಕೆಲವು ಮಾತು ಮೊದಲೇ ಗೊತ್ತಿದ್ದರೆ ಅನುಕೂಲ. ತಾರಸಿಗೆ ಗಚ್ಚಿ, ಮನೆತೋಟಕ್ಕೆ ಪರಸಬಾಗ, ತರಗೆಲೆಗೆ ಪಾಲಾಪಾಚೋಳಾ, ಸಗಣಿ ಗೊಬ್ಬರಕ್ಕೆ ಶೇಣಖತ, ಎರೆಹುಳು ಗೊಬ್ಬರಕ್ಕೆ ಗಾಂಡೂಳ ಖತ, ಬೇವಿನ ಹಿಂಡಿಗೆ ನಿಂಬೋಳಿ ಪೇಂಡ ಎನ್ನುತ್ತಾರೆ. ನರ್ಸರಿಯಲ್ಲಿ ಸಬ್ಬಸಿಗೆ ಬೇಕಿದ್ದರೆ ಶೇಪು ಎಂದು ಕೇಳಿ, ಬಸಳೆಗೆ ಮಾಯಾಳು, ಹೀರೆಗೆ ದೋಡಕಾ.

ಬರೀ ಭಾಷಣ ಇರುವ ಕಾರ್ಯಾಗಾರಕ್ಕೆ ದುಡ್ಡು ಕೊಡಬೇಡಿ. ಕೈ ಹಾಕಿ ಮಾಡಿಸುತ್ತಾರಾ, ಮುಗಿದ ಮೇಲೂ ಪ್ರಶ್ನೆಗೆ ಉತ್ತರ ಕೊಡುತ್ತಾರಾ ಎಂದು ಕೇಳಿ ಸೇರಿ. ದುಬಾರಿ ಗೊಬ್ಬರದ ಡಬ್ಬಿ ಮಾರುವುದಕ್ಕೆಂದೇ ನಡೆಸುವವರೂ ಇದ್ದಾರೆ. ತೂತಿರುವ ಹಳೆಯ ಕ್ರೇಟು ಅಥವಾ ಪೇಂಟಿನ ಬಕೆಟ್ಟೇ ಧಾರಾಳ ಸಾಕು.

ಅಲ್ಲಿ ಕಲಿಸುವ ಮುಖ್ಯ ಕೆಲಸ ಇದು. ಕ್ರೇಟಿನ ತಳಕ್ಕೆ ಒಂದು ಗೇಣು ತರಗೆಲೆ ಹಾಕುವುದು. ಮೇಲೆ ಒಂದು ಹಿಡಿ ಹಳೆ ಗೊಬ್ಬರ ಅಥವಾ ಹುಳಿ ಮಜ್ಜಿಗೆ. ದಿನದ ತರಕಾರಿ ಸಿಪ್ಪೆ ಹಾಕಿ, ಅದರ ಎರಡರಷ್ಟು ಎಲೆ ಮುಚ್ಚುವುದು. ವಾಸನೆ ಬಂತೆಂದರೆ ನೀರು ಜಾಸ್ತಿಯಾಗಿದೆ, ಎಲೆ ಸಾಲದು ಎಂದರ್ಥ. ಬೂದು ಬಣ್ಣದ ದಪ್ಪ ಹುಳ ಕಂಡರೆ ಓಡಬೇಡಿ, ಅವು ಕಸ ತಿಂದು ಗೊಬ್ಬರ ಮಾಡುತ್ತವೆ, ಗಿಡಕ್ಕೆ ಏನೂ ಮಾಡುವುದಿಲ್ಲ. ಎರಡು-ಮೂರು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಸಿದ್ಧ.

ಅಮೃತ ಮಿಟ್ಟಿ ಕಲಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಒಂದು ಕಿಲೊ ಹಸಿ ಸಗಣಿ, ಒಂದು ಲೀಟರ್ ಗೋಮೂತ್ರ, 50 ಗ್ರಾಂ ಬೆಲ್ಲ, ಹತ್ತು ಲೀಟರ್ ನೀರು. ದಿನಕ್ಕೆ ಎರಡು-ಮೂರು ಸಲ ಕಲಕುತ್ತಾ ಮೂರು ದಿನ ಇಡಬೇಕು. ಆಮೇಲೆ ಅದಕ್ಕೆ ಹತ್ತುಪಟ್ಟು ನೀರು ಬೆರೆಸಿ ತರಗೆಲೆಯನ್ನು ಅದರಲ್ಲಿ ನೆನೆಸಿ, ನಡುನಡುವೆ ತೆಳ್ಳಗೆ ಮಣ್ಣು ಉದುರಿಸಿ ರಾಶಿ ಹಾಕಬೇಕು. ಎಲೆ ಮೆತ್ತಗಾದ ಮೇಲೆ ಕಾಳು, ಧಾನ್ಯ, ಸೊಪ್ಪು ಎಲ್ಲ ಬಗೆಯ ಬೀಜ ಬಿತ್ತಿ, ಎಳೆ ಸಸಿಯನ್ನೇ ಕತ್ತರಿಸಿ ಮತ್ತೆ ರಾಶಿಗೆ ಸೇರಿಸುತ್ತಾರೆ. ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ. ಬಾಲ್ಕನಿ ಮಾತ್ರ ಇರುವವರಿಗೆ ಕ್ರೇಟಿನ ವಿಧಾನವೇ ಸರಿ. ಸೊಸೈಟಿಯವರು ಸೇರಿ ಮಾಡುವುದಾದರೆ ಇದನ್ನು ಮಾಡಿ, ಫಲ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

ಒಂದು ಸುಲಭದ ದಾರಿಯೂ ಇದೆ. ಪುಣೆಯಲ್ಲಿ ಬೀದಿಗೊಂದು ಕಬ್ಬಿನ ಹಾಲಿನ ಅಂಗಡಿ, ಇಲ್ಲಿನವರ ಬಾಯಲ್ಲಿ ರಸವಂತಿ. ಸಿಪ್ಪೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಕತ್ತರಿಸಿ ಕುಂಡದ ತಳಕ್ಕೆ ಹಾಕಿದರೆ ನೀರು ಹಿಡಿದಿಡುತ್ತದೆ, ನಿಧಾನಕ್ಕೆ ಗೊಬ್ಬರವೂ ಆಗುತ್ತದೆ.

ಸೊಸೈಟಿಯ ಒಪ್ಪಿಗೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಬಹಳಷ್ಟು ಕಟ್ಟಡಗಳು 1960ರ ಸಹಕಾರಿ ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಹೌಸಿಂಗ್ ಸೊಸೈಟಿಗಳು. ಪುಣೆಯಲ್ಲಿ 1970ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಬರುವವೂ ಸಾಕಷ್ಟಿವೆ. ಎರಡರಲ್ಲೂ ಕಟ್ಟಡದ ಮೇಲಿನ ತಾರಸಿ ಎಲ್ಲರಿಗೂ ಸೇರಿದ್ದು. ಮೇಲಿನ ಮಹಡಿಯವರದ್ದಲ್ಲ. ಸೆಕ್ರೆಟರಿ "ಆಯ್ತು, ಮಾಡಿ" ಎಂದರೆ ಸಾಲದು. ಮುಂದಿನ ವರ್ಷ ಸೆಕ್ರೆಟರಿ ಬದಲಾದರೆ ನಿಮ್ಮ ಕುಂಡಗಳೆಲ್ಲ ಕೆಳಗೆ ಬರುತ್ತವೆ. ಅರ್ಜಿ ಬರೆದುಕೊಡಿ, ಸಮಿತಿಯ ನಡಾವಳಿಯಲ್ಲಿ ಸೇರಿಸಲು ಹೇಳಿ. ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕೆಂಬ ನಿಯಮವಿದೆ. ಅಲ್ಲಿ ವಿಷಯ ಇಟ್ಟು ಒಪ್ಪಿಗೆ ಪಡೆದರೆ ಇನ್ನೂ ಗಟ್ಟಿ. ಬಾಡಿಗೆಗೆ ಇರುವವರಿಗೆ ಸಭೆಯಲ್ಲಿ ಮತವಿಲ್ಲ, ಹಾಗಾಗಿ ಮನೆ ಮಾಲೀಕರ ಮೂಲಕವೇ ಕೇಳಿಸಿ.

ಸಮಿತಿಯವರ ಭಯ ಒಂದೇ, ಸೋರಿಕೆ. ಆ ಭಯ ನ್ಯಾಯವಾದದ್ದೇ ಅಲ್ವಾ? ಕುಂಡಗಳನ್ನು ಸ್ಟ್ಯಾಂಡಿನ ಮೇಲೆ ಇಡುತ್ತೇವೆ, ನೆಲಕ್ಕೆ ನೇರವಾಗಿ ಮಣ್ಣು ಹಾಕುವುದಿಲ್ಲ, ನೀರು ಹೋಗುವ ಪೈಪಿನ ಬಾಯಿ ಸ್ವಚ್ಛ ಇಡುತ್ತೇವೆ, ದೊಡ್ಡ ಕುಂಡಗಳನ್ನು ತೊಲೆ ಇರುವ ಕಡೆಯೇ ಇಡುತ್ತೇವೆ, ತಾರಸಿಯ ಅಂಚಿನ ಗೋಡೆಯ ಮೇಲೆ ಒಂದು ಕುಂಡವನ್ನೂ ಇಡುವುದಿಲ್ಲ ಎಂದು ಅರ್ಜಿಯಲ್ಲೇ ಬರೆಯಿರಿ. ಗೊಬ್ಬರದ ಮೊದಲ ಚೀಲ ಸೊಸೈಟಿಯ ಗಿಡಗಳಿಗೆ ಕೊಡಿ. ವಿರೋಧ ಮಾಡುತ್ತಿದ್ದವರೇ ಆಮೇಲೆ ಕರಿಬೇವು ಕೇಳಿಕೊಂಡು ಬರುತ್ತಾರೆ.

ಕೆಳಗೆ ನೆಲದಲ್ಲಿ ಮರ ನೆಡುವ ಮುನ್ನ ಸ್ವಲ್ಪ ಯೋಚಿಸಿ. ನಗರದೊಳಗಿನ ಮರಗಳಿಗೆ 1975ರ ಮರ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ನೀವೇ ನೆಟ್ಟ ಹಲಸಿನ ಮರವಾದರೂ ಪಾಲಿಕೆಯ ಒಪ್ಪಿಗೆಯಿಲ್ಲದೆ ಕಡಿಯುವಂತಿಲ್ಲ. ಒಳ್ಳೆ ಕಾಯ್ದೆ. ಹಾಗಾಗಿ ಗೋಡೆಯಿಂದ ಸಾಕಷ್ಟು ದೂರದಲ್ಲೇ ನೆಡಿ.

ಪುಣೆ ಪಾಲಿಕೆ ಎರೆಗೊಬ್ಬರ ಘಟಕ, ಮಳೆನೀರು ಕೊಯ್ಲು, ಸೋಲಾರ್ ಇರುವ ಮನೆಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಒಂದು ಇದ್ದರೆ 5, ಎರಡೋ ಮೂರೋ ಇದ್ದರೆ 10 ಪ್ರತಿಶತ. ಪಾಲಿಕೆಯವರು ಬಂದು ನೋಡುತ್ತಾರೆ. ಘಟಕ ನಿಜವಾಗಿ ನಡೆಯುತ್ತಿರಬೇಕು, ಇಲ್ಲದಿದ್ದರೆ ರಿಯಾಯಿತಿ ಹೋಗುತ್ತದೆ. ವಾರ್ಡ್ ಕಚೇರಿಯಲ್ಲಿ ಈ ವರ್ಷದ ಅರ್ಜಿ ನಮೂನೆ ಕೇಳಿ ತೆಗೆದುಕೊಳ್ಳಿ. ಮನೆ ಬಾಗಿಲಿಗೆ ಕಸಕ್ಕೆ ಬರುವವರು ಹೆಚ್ಚಾಗಿ 'ಸ್ವಚ್ಛ' ಸಹಕಾರಿ ಸಂಘದವರು. ಕಸ ಆಯುವ ಹೆಣ್ಣುಮಕ್ಕಳು ತಾವೇ ಮಾಲೀಕರಾಗಿ ನಡೆಸುವ ಸಂಸ್ಥೆ ಅದು. ನೀವು ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಅವರು ಹೊರುವ ಭಾರ ಅಷ್ಟು ಕಡಿಮೆಯಾಗುತ್ತದೆ.

ಯಾವಾಗ ಏನು

ಪುಣೆಯಲ್ಲಿ ಎಲೆ ಉದುರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ವರ್ಷಕ್ಕೆ ಬೇಕಾದಷ್ಟನ್ನು ಆಗಲೇ ಗೋಣಿಚೀಲಗಳಲ್ಲಿ ತುಂಬಿಡಿ. ಮಳೆಮರದ ಎಲೆ ಸಣ್ಣದು, ಬೇಗ ಕೊಳೆಯುತ್ತದೆ. ಮಾವಿನ ಎಲೆ ನಿಧಾನ, ಪುಡಿ ಮಾಡಿ ಹಾಕಿ. ಮೇ ತಿಂಗಳಲ್ಲಿ ಕಾರ್ಯಾಗಾರ ಸೇರಿದರೆ ಮಳೆಗಾಲದ ಬೆಂಡೆ, ಹೀರೆ, ಹಾಗಲಕ್ಕೆ ಸಿದ್ಧರಾಗಬಹುದು. ಗಣಪತಿ ಹಬ್ಬ ಕಳೆದ ಮೇಲೆ ಚಳಿಗಾಲದ ಮೆಂತ್ಯ, ಪಾಲಕ್, ಟೊಮೆಟೊ, ಅವರೆ. ಇಲ್ಲಿನ ಚಳಿ ಮಲೆನಾಡಿನವರಿಗೂ ನಡುಕ ಹುಟ್ಟಿಸುತ್ತದೆ, ಸೊಪ್ಪಿಗೆ ಮಾತ್ರ ಅದು ಹಬ್ಬ. ಸಸಿ ಜಾಸ್ತಿ ಬೇಕಿದ್ದರೆ ಸೋಲಾಪುರ ರಸ್ತೆಯ ಉರುಳಿ ಕಾಂಚನಕ್ಕೆ ಹೋಗಿ, ಸಾಲುಸಾಲು ನರ್ಸರಿಗಳಿವೆ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದುಬಿಡಿ. ಡೆಂಗಿ ಸೊಳ್ಳೆಮರಿ ಕಂಡರೆ ಪಾಲಿಕೆಯವರು ನೋಟಿಸ್ ಕೊಡುತ್ತಾರೆ, ದಂಡವನ್ನೂ ಹಾಕುತ್ತಾರೆ.

ಮುಂಬಯಿಯವರು ಬೈಕಲಾದ ರಾಣಿಬಾಗ್ ಉದ್ಯಾನದಲ್ಲಿ ಜನವರಿ ಕೊನೆ, ಫೆಬ್ರವರಿ ಮೊದಲಿಗೆ ಪಾಲಿಕೆ ನಡೆಸುವ ಫಲಪುಷ್ಪ ಪ್ರದರ್ಶನ ತಪ್ಪಿಸಬೇಡಿ. ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕನ್ನೂ ನೋಡಿ, ಹಿಂದೆ ಅದು ಊರಿನ ಕಸ ಸುರಿಯುವ ಜಾಗವಾಗಿತ್ತು. ಮುಂಬಯಿ ಮಳೆ ಪುಣೆಯ ಮೂರರಷ್ಟು, ಹಾಗಾಗಿ ಗೊಬ್ಬರದ ಕ್ರೇಟಿಗೆ ಸೂರು ಬೇಕೇಬೇಕು. ಗೋವಾದಲ್ಲಿರುವವರಿಗೆ ಹಳೆ ಗೋವಾದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಗೋವಾ ಬಟಾನಿಕಲ್ ಸೊಸೈಟಿ ನಡೆಸುವ ಸಸ್ಯಮೇಳ ಒಳ್ಳೆಯ ಆರಂಭ. ಅಲ್ಲಿನ ಮುರಕಲ್ಲು ಮಣ್ಣು, ಮಳೆ ಎರಡೂ ನಮ್ಮ ಕರಾವಳಿಯಂತೆಯೇ. ಉಡುಪಿ, ಕಾರವಾರದಲ್ಲಿ ಅಮ್ಮ ಬೆಳೆಯುತ್ತಿದ್ದ ಬಸಳೆ, ಅಲಸಂದೆ, ಕೆಸುವನ್ನು ಅದೇ ತಿಂಗಳಲ್ಲಿ, ಅದೇ ರೀತಿ ಅಲ್ಲಿ ಹಾಕಬಹುದು.