ಗುಣಮಟ್ಟವನ್ನು ವಿಭಾಗದ ಅಭ್ಯಾಸವಾಗಿಸುವುದು ಹೇಗೆ?

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಶ್ರೇಣಿ ನೀಡುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿನ (ನ್ಯಾಕ್) ತಂಡ ಬರುತ್ತದೆಂದು ತಿಳಿದಾಗ ಗೋಡೆಗಳಿಗೆ ಬಣ್ಣ ಬಳಿದು, ಕಡತಗಳನ್ನು ಒಪ್ಪ ಮಾಡಿ, ತಂಡ ತೆರಳಿದ ಮೇಲೆ ಎಲ್ಲವನ್ನೂ ಮರೆಯುವ ರೂಢಿ ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. 1994ರಲ್ಲಿ ಸ್ಥಾಪನೆಯಾದ ಈ ಪರಿಷತ್ತಿನ ಕೇಂದ್ರ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಆದರೆ ಅದರ ಸಾಮೀಪ್ಯದಿಂದ ಗುಣಮಟ್ಟ ಬರುವುದಿಲ್ಲ. ನ್ಯಾಕ್ ಇದುವರೆಗೆ ನೀಡುತ್ತ ಬಂದಿರುವ ಶ್ರೇಣಿಯ ಅವಧಿ ಸಾಮಾನ್ಯವಾಗಿ 5 ವರ್ಷ. ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಯ ಅವಧಿ 4 ವರ್ಷ. ಹಾಗಾಗಿ ಮೇಲಿನವರ ಉತ್ಸಾಹವನ್ನೇ ನಂಬಿದ ಸುಧಾರಣೆ ಅವರೊಂದಿಗೇ ಹೊರಟುಹೋಗುತ್ತದೆ. ಅದನ್ನು ವಿಭಾಗದ ಮಟ್ಟದಲ್ಲಿ ಬೇರೂರಿಸಬೇಕು.

ಮೊದಲು ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ. ಆಂತರಿಕ ಪರೀಕ್ಷೆಯಿಂದ ಆರಂಭಿಸುವುದು ಸೂಕ್ತ, ಏಕೆಂದರೆ ಅದರ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆಗಳೆರಡೂ ವಿಭಾಗದ ಕೈಯಲ್ಲೇ ಇರುತ್ತವೆ. ಒಟ್ಟು ಅಂಕಗಳನ್ನು ನೋಡಿ ಬಿಡಬೇಡಿ. ಯಾವ ಪ್ರಶ್ನೆಯನ್ನು ಹೆಚ್ಚಿನ ವಿದ್ಯಾರ್ಥಿಗಳು ಬಿಟ್ಟರು, ಯಾವುದಕ್ಕೆ ಎಲ್ಲರೂ ಒಂದೇ ಬಗೆಯ ತಪ್ಪು ಉತ್ತರ ಬರೆದರು ಎಂದು ಗುರುತಿಸಿ. ತಪ್ಪು ಪ್ರಶ್ನೆಯ ಭಾಷೆಯಲ್ಲಿತ್ತೇ, ಬೋಧನೆಯಲ್ಲಿತ್ತೇ, ಪಾಠವೇ ನಡೆದಿರಲಿಲ್ಲವೇ ಎಂಬುದನ್ನು ಅಧ್ಯಾಪಕರು ಒಟ್ಟಿಗೆ ಕುಳಿತು ಚರ್ಚಿಸಲಿ. ಈ ಚರ್ಚೆಯನ್ನು ಯಾರ ಬಡ್ತಿಗೂ ಶಿಸ್ತುಕ್ರಮಕ್ಕೂ ತಳುಕು ಹಾಕಬಾರದು. ಹಾಕಿದರೆ ಮುಂದಿನ ಸಭೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಅತಿಥಿ ಉಪನ್ಯಾಸಕರನ್ನೂ ತಪ್ಪದೆ ಕರೆಯಿರಿ. ತರಗತಿಗಳ ದೊಡ್ಡ ಭಾರವನ್ನು ಹೊತ್ತವರನ್ನು ಹೊರಗಿಟ್ಟು ಬೋಧನೆಯ ಬಗ್ಗೆ ಮಾತನಾಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೂ ಹೌದು, ನಿರರ್ಥಕವೂ ಹೌದು.

ನಂತರದ ಹಂತ ನಡಾವಳಿ ಬರೆಯುವುದು. ನಿರ್ಣಯದ ಜೊತೆಗೆ ಅದರ ಕಾರಣ, ಹೊಣೆ ಹೊತ್ತವರು ಮತ್ತು ಮುಗಿಸಬೇಕಾದ ದಿನಾಂಕ ಮೂರೂ ದಾಖಲಾಗಬೇಕು. ಇದರ ಅಗತ್ಯ ಎಷ್ಟೆಂದು ನಮ್ಮ ರಾಜ್ಯದ ಅನುಭವವೇ ತೋರಿಸಿದೆ: 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಬಿಟ್ಟು 2024-25ರಲ್ಲಿ ಮೂರು ವರ್ಷಗಳ ಪದವಿಗೆ ಮರಳಿದಾಗ ಪಠ್ಯಕ್ರಮ ಮತ್ತೆ ಬದಲಾಯಿತು. ಯಾವ ಘಟಕ ಅವಧಿಯೊಳಗೆ ಮುಗಿಯಲಿಲ್ಲ, ಯಾವ ಪ್ರಯೋಗಕ್ಕೆ ಉಪಕರಣ ಸಾಲಲಿಲ್ಲ ಎಂದು ಬರೆದಿಟ್ಟುಕೊಂಡ ವಿಭಾಗ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಮುಂದೆ ಆಧಾರಸಹಿತ ಮಾತನಾಡಬಲ್ಲದು; ಬರೆಯದ ವಿಭಾಗ ಮತ್ತೆ ಮೊದಲಿನಿಂದ ಆರಂಭಿಸಬೇಕು.

ವಿದ್ಯಾರ್ಥಿಗಳ ಅಭಿಪ್ರಾಯವನ್ನು ಸೆಮಿಸ್ಟರಿನ ಕೊನೆಗಲ್ಲ, ಐದಾರನೆಯ ವಾರದಲ್ಲೇ ಹೆಸರಿಲ್ಲದ ಚೀಟಿಗಳಲ್ಲಿ ಪಡೆಯಿರಿ. ಹೇಳಿದವರಿಗೇ ಅದರ ಪ್ರಯೋಜನ ಸಿಗಬೇಕು. ಹದಿನೈದು ದಿನಗಳೊಳಗೆ ಸೂಚನಾ ಫಲಕದಲ್ಲಿ ಉತ್ತರ ಪ್ರಕಟಿಸಿ. ಆಗದಿರುವುದನ್ನು ಆಗದು ಎಂದೇ, ಕಾರಣ ಸಹಿತ ತಿಳಿಸಿ.

ಇಷ್ಟಾದ ಮೇಲೆ ಇಡೀ ಸಂಸ್ಥೆಯ ಗುಣಮಟ್ಟವನ್ನು ನೋಡಿಕೊಳ್ಳುವ ಆಂತರಿಕ ಗುಣಮಟ್ಟ ಭರವಸೆ ಕೋಶಕ್ಕೆ ನಿಜವಾದ ಕೆಲಸ ಸಿಗುತ್ತದೆ. ಅಧ್ಯಾಪಕರ ಜೊತೆಗೆ ವಿದ್ಯಾರ್ಥಿ, ಹಳೆಯ ವಿದ್ಯಾರ್ಥಿ ಮತ್ತು ಸ್ಥಳೀಯ ಸಮಾಜದ ಪ್ರತಿನಿಧಿಗಳೂ ಇರಬೇಕಾದ ಈ ಕೋಶ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪ್ರತಿ ಸಭೆಯ ಮೊದಲ ವಿಷಯ, ಹಿಂದಿನ ನಿರ್ಣಯಗಳಲ್ಲಿ ಯಾವುದು ಜಾರಿಯಾಗಿದೆ, ಯಾವುದು ಏಕೆ ಉಳಿದಿದೆ ಎಂಬುದಾಗಿರಲಿ. ಆಗ ನ್ಯಾಕ್‌ಗೆ ಕಳುಹಿಸಬೇಕಾದ ವಾರ್ಷಿಕ ವರದಿಯನ್ನು ಕೊನೆಯ ವಾರದಲ್ಲಿ ಹೆಣೆಯಬೇಕಾಗುವುದಿಲ್ಲ. ವಿಭಾಗಗಳ ನಡಾವಳಿ ಪುಸ್ತಕಗಳಿಂದಲೇ ಅದು ಸಿದ್ಧವಾಗುತ್ತದೆ.