ಗಾರೆ ಕೆಲಸದ ಹಾಜರಿಗೊಂದು ಆ್ಯಪ್: ಮಲೆನಾಡಿನ ಮಳೆಯಲ್ಲೂ ಲೆಕ್ಕ ತಪ್ಪದಂತೆ

ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮನೆ, ತೀರ್ಥಹಳ್ಳಿ ದಾರಿಯಲ್ಲಿ ಒಂದು ಗೋದಾಮು, ಹೊಸನಗರದ ಅಡಿಕೆ ತೋಟದ ನಡುವೆ ಇನ್ನೊಂದು ಕಟ್ಟಡ. ಹೀಗೆ ಮೂರು ಕಡೆ ಕೆಲಸ ಹಿಡಿದ ಗುತ್ತಿಗೆದಾರರಿಗೆ ಯಾರು ಎಷ್ಟು ಹೊತ್ತು ದುಡಿದರು ಎಂಬುದು ಗೊತ್ತಾಗುವುದು ವಾರದ ಕೊನೆಗೆ, ಬಟವಾಡೆಗೆ ಕೂತಾಗ. ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿ ಐದೂವರೆ ಹಾಜರಿ, ಆಳಿನ ನೆನಪಿನಲ್ಲಿ ಆರು. ಜಗಳವೆಲ್ಲ ಆ ಅರ್ಧದ್ದು. ಇದನ್ನು ಬಗೆಹರಿಸುವ ಆ್ಯಪ್ ಮಾಡಬೇಕೆಂದಿರುವ ತರುಣರು ಕೋಡ್ ಬರೆಯುವ ಮೊದಲು ಆ ಪುಸ್ತಕವನ್ನೇ ಓದಬೇಕು.

ಎಡಗಡೆ ಹೆಸರುಗಳು, ಮೇಲೆ ತಾರೀಖು. ಪೂರ್ತಿ ದಿನಕ್ಕೆ 1, ಅರ್ಧಕ್ಕೆ ½, ಸ್ಲ್ಯಾಬ್ ಹಾಕಿದ ದಿನಕ್ಕೆ 1½. ಮೂಲೆಯಲ್ಲಿ ಚಿಕ್ಕದಾಗಿ ಬರೆದ 500 ಎಂದರೆ ಬುಧವಾರ ಕೊಟ್ಟ ಮುಂಗಡ. ಇಪ್ಪತ್ತು ಜನರ ಇಡೀ ವಾರ ಒಂದೇ ಪುಟದಲ್ಲಿ ಕಾಣುತ್ತದೆ. ಆ್ಯಪ್ ಇದಕ್ಕಿಂತ ನಿಧಾನವಾದರೆ ಮೇಸ್ತ್ರಿ ಎರಡನೇ ದಿನವೇ ಪುಸ್ತಕಕ್ಕೆ ಮರಳುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಒಂದು ಹಾಜರಿ ಎಂದರೆ ಎಷ್ಟು?

ಗಂಟೆ ಎಣಿಸುವುದು ಸುಲಭ. ಗಂಟೆಯನ್ನು ಹಾಜರಿಯಾಗಿ ಬದಲಿಸುವುದು ಕಷ್ಟ. ಉದಾಹರಣೆಗೆ ದಿನಕ್ಕೆ 8 ಗಂಟೆ, ಕೂಲಿ 800 ರೂಪಾಯಿ ಎಂದುಕೊಳ್ಳಿ. ಕಾಂಕ್ರೀಟ್ ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಹಳೆಯದು ಗಟ್ಟಿಯಾದ ಮೇಲೆ ಹೊಸದು ಸುರಿದರೆ ಅಲ್ಲಿ ಬೆಸುಗೆ ಸಡಿಲವಾಗಿ ನೀರು ಸೋರುತ್ತದೆ. ಹಾಗಾಗಿ ಬೆಳಿಗ್ಗೆ 8ಕ್ಕೆ ಶುರುವಾದದ್ದು ರಾತ್ರಿ 8ಕ್ಕೆ ಮುಗಿಯುತ್ತದೆ. ಊಟದ ಒಂದು ಗಂಟೆ ಕಳೆದರೆ 11 ಗಂಟೆಯ ದುಡಿಮೆ. ಒಂದೂವರೆ ಹಾಜರಿ ಎಂದು ಬರೆದರೆ ಸಿಗುವುದು 1,200 ರೂಪಾಯಿ. ಆದರೆ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಎನ್ನುತ್ತದೆ ಕಾನೂನು. ಆ ಲೆಕ್ಕದಲ್ಲಿ 800ರ ಮೇಲೆ ಮೂರು ಗಂಟೆಗೆ 600 ಸೇರಿ 1,400 ಆಗಬೇಕು. ಆ್ಯಪ್ ಬಂದ ದಿನವೇ ಈ 200 ರೂಪಾಯಿಯ ವ್ಯತ್ಯಾಸ ಪರದೆಯ ಮೇಲೆ ಬರುತ್ತದೆ. ಗುತ್ತಿಗೆದಾರರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳದಿದ್ದರೆ ಆ್ಯಪ್ ಅಲ್ಲಿಗೇ ಮುಗಿಯಿತು.

ಇನ್ನು ಮಳೆ. ಬೇರೆ ಊರಿನವರು ಮಾಡಿದ ಆ್ಯಪ್‌ಗಳು ಇಲ್ಲಿ ಎಡವುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಗುಂಬೆಯ ಕಡೆ, ‘ಬಂದರು’ ಮತ್ತು ‘ಹೋದರು’ ಎಂಬ ಎರಡು ಗುಂಡಿಗಳು ಸಾಲವು. ಹನ್ನೊಂದಕ್ಕೆ ಮಳೆ ಹಿಡಿದು ಗೋಡೆ ಕೆಲಸ ನಿಂತರೆ ಅರ್ಧ ಹಾಜರಿಯೋ, ಪೂರ್ತಿಯೋ? ಬೆಳಿಗ್ಗೆ ಬಸ್ಸಿನಲ್ಲಿ ಬಂದು ಕೆಲಸ ಶುರುವಾಗದೆ ವಾಪಸ್ ಹೋದವರಿಗೆ ಬಸ್ ಚಾರ್ಜಾದರೂ ಉಂಟೋ? ಒಳಗಿನ ಗಿಲಾಯಿ ಕೆಲಸಕ್ಕೆ ಕಳಿಸಿದವರ ಲೆಕ್ಕ ಹೇಗೆ? ಇವಕ್ಕೆ ಉತ್ತರ ಕೊಡಬೇಕಾದವರು ನೀವಲ್ಲ. ಗುತ್ತಿಗೆದಾರರು, ಮೇಸ್ತ್ರಿ, ಕಾರ್ಮಿಕರು ಮಳೆಗಾಲಕ್ಕೆ ಮುಂಚೆ ಕೂತು ತೀರ್ಮಾನಿಸಲಿ. ಆ ತೀರ್ಮಾನವನ್ನು ಪ್ರತಿ ಸೈಟಿಗೂ ಬೇರೆಯಾಗಿ ದಾಖಲಿಸಲು, ಬೇಕೆಂದಾಗ ಬದಲಿಸಲು ಆ್ಯಪ್‌ನಲ್ಲಿ ಜಾಗವಿರಲಿ. ‘ಮಳೆಗೆ ನಿಂತಿತು’ ಎಂಬ ಮೂರನೇ ಗುಂಡಿ ಇಡಿ.

ಒತ್ತುವವರು ಯಾರು?

ಪ್ರತಿಯೊಬ್ಬ ಕಾರ್ಮಿಕನೂ ತನ್ನ ಫೋನಿನಲ್ಲೇ ಹಾಜರಿ ಹಾಕಲಿ ಎಂಬುದು ಕೇಳಲು ಚೆಂದ. ಕೆಲವರ ಬಳಿ ಇರುವುದು ಕೀಪ್ಯಾಡ್ ಫೋನು, ಕೆಲವು ಮನೆಗಳಲ್ಲಿ ಗಂಡ ಹೆಂಡತಿಗೆ ಒಂದೇ ಫೋನು. ಬೆರಳಚ್ಚಿನ ಯಂತ್ರವನ್ನೂ ನಂಬಬೇಡಿ. ಸಿಮೆಂಟು, ಮರಳು ಹಿಡಿದ ಕೈಯ ಗೆರೆಗಳು ಸವೆದಿರುತ್ತವೆ. ಮೇಸ್ತ್ರಿಯ ಫೋನಿನಲ್ಲಿ ಗ್ಯಾಂಗಿನ ಎಲ್ಲರ ಫೋಟೋಗಳು ಸಾಲಾಗಿ ಕಾಣಲಿ. ಬಂದವರ ಫೋಟೋ ಮುಟ್ಟಿದರೆ ಹಸಿರು ಅಂಚು. ಎಲ್ಲರೂ ಬಂದಿದ್ದರೆ ಒಂದೇ ಗುಂಡಿ. ಸಂಜೆ ಕಾರ್ಮಿಕರಿಗೆ ಒಂದು ಎಸ್‌ಎಂಎಸ್ ಹೋಗಲಿ: ‘ಇಂದು 1½. ವಾರ 4½. ಮುಂಗಡ 500.’ ಇದನ್ನು ಇಷ್ಟು ಚಿಕ್ಕದಾಗಿ ಬರೆಯಲು ಕಾರಣವಿದೆ. ಕನ್ನಡ ಲಿಪಿಯ ಒಂದು ಎಸ್‌ಎಂಎಸ್‌ನಲ್ಲಿ 70 ಅಕ್ಷರಗಳಷ್ಟೇ ಹಿಡಿಯುತ್ತವೆ, ಕಾಗುಣಿತದ ಚಿಹ್ನೆಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಓದಲು ಬಾರದವರಿಗೆ ಇದನ್ನೇ ಹೇಳುವ ಧ್ವನಿ ಕರೆ ಇರಲಿ. ಕೊಪ್ಪಳ, ರಾಯಚೂರಿನವರ ಜೊತೆಗೆ ಬಿಹಾರ, ಒಡಿಶಾದವರೂ ಗ್ಯಾಂಗಿನಲ್ಲಿ ಇರುವುದುಂಟು, ಆದ್ದರಿಂದ ಹಿಂದಿಯೂ ಬೇಕು.

ನನ್ನ ಮಟ್ಟಿಗೆ ಈ ಎಸ್‌ಎಂಎಸ್ಸೇ ಆ್ಯಪ್‌ನ ಜೀವ. ಹಾಜರಿ ಬರೆದವರ ಕೈಯಲ್ಲಿ ಮಾತ್ರ ಉಳಿದರೆ ಹಳೆಯ ಪುಸ್ತಕಕ್ಕೂ ಹೊಸ ಫೋನಿಗೂ ಏನು ವ್ಯತ್ಯಾಸ?

ಗುಂಡಿಗಳು ದೊಡ್ಡದಾಗಿರಲಿ. ಮಳೆನೀರು ಬಿದ್ದ ಪರದೆ ಬೆರಳು ಎಲ್ಲಿದೆ ಎಂದು ತಪ್ಪಾಗಿ ತಿಳಿಯುತ್ತದೆ. ಆಂಡ್ರಾಯ್ಡ್ ಸೂಚಿಸುವ ಕನಿಷ್ಠ ಅಳತೆ 48 ಡಿಪಿ (ಪರದೆಯ ಮೇಲಿನ ಗಾತ್ರ ಅಳೆಯಲು ಆಂಡ್ರಾಯ್ಡ್ ಬಳಸುವ ಮಾನ). ಇಲ್ಲಿ ಅದರ ಒಂದೂವರೆ ಪಟ್ಟು ಇಡಿ.

ಸಿಗ್ನಲ್ ಇಲ್ಲದ ಕಡೆ

ಉದ್ಯೋಗ ಖಾತರಿ ಯೋಜನೆಯಲ್ಲಿ 2023ರ ಜನವರಿಯಿಂದ ಕೆಲಸದ ಸ್ಥಳದ ಫೋಟೋವನ್ನು ದಿನಕ್ಕೆ ಎರಡು ಬಾರಿ ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದೆ ಹಾಜರಿ ತಪ್ಪಿತು ಎಂಬ ದೂರು ದೇಶದುದ್ದಕ್ಕೂ ಕೇಳಿಬಂತು. ನಿಮ್ಮ ಆ್ಯಪ್ ಎಲ್ಲವನ್ನೂ ಮೊದಲು ಫೋನಿನೊಳಗೇ ಬರೆದಿಟ್ಟುಕೊಂಡು, ಸಂಜೆ ಪೇಟೆಗೆ ಬಂದಾಗ ತಾನಾಗಿ ಕಳಿಸಲಿ. ಪ್ರತಿ ದಾಖಲೆಗೂ ಬೇರೆ ಬೇರೆ ಗುರುತಿನ ಸಂಖ್ಯೆ ಇದ್ದರೆ ಎರಡು ಸಲ ಹೋದರೂ ಒಂದೇ ಎಣಿಕೆಯಾಗುತ್ತದೆ.

ಫೋನಿನ ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು. ಫೋನ್ ಆನ್ ಆದಾಗಿನಿಂದ ಎಷ್ಟು ಹೊತ್ತಾಯಿತು ಎಂಬ ಇನ್ನೊಂದು ಲೆಕ್ಕವನ್ನು ಆಂಡ್ರಾಯ್ಡ್ ಇಡುತ್ತದೆ. ಗಡಿಯಾರ ತಿದ್ದಿದರೂ ಅದು ಬದಲಾಗದು. ಎರಡನ್ನೂ ಬರೆದಿಡಿ. ಆಫ್ ಮಾಡಿ ಆನ್ ಮಾಡಿದರೆ ಈ ಲೆಕ್ಕ ಸೊನ್ನೆಯಿಂದ ಶುರುವಾಗುವುದರಿಂದ ಅಂಥ ದಾಖಲೆಗೆ ಗುರುತು ಹಾಕಿ, ಮೇಸ್ತ್ರಿಯನ್ನೊಮ್ಮೆ ಕೇಳಿದರೆ ಸಾಕು.

ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಆದರೆ ದಟ್ಟ ಮರಗಳ ನಡುವೆ, ಸ್ಲ್ಯಾಬಿನ ಕೆಳಗೆ ಅದು ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಸೈಟಿನ ಸುತ್ತ 100ರಿಂದ 150 ಮೀಟರ್ ವೃತ್ತ ಇಡಿ, ಹೊರಗೆ ಕಂಡರೂ ಹಾಜರಿಯನ್ನು ತಿರಸ್ಕರಿಸಬೇಡಿ. ಹಾಜರಿ ಹಾಕುವ ಕ್ಷಣದಲ್ಲಿ ಮಾತ್ರ ಸ್ಥಳ ನೋಡಿದರೆ ಸಾಕು. ದಿನವಿಡೀ ಹಿಂಬಾಲಿಸಿದರೆ ಬ್ಯಾಟರಿಯೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆ ಕನ್ನಡದಲ್ಲೂ ಸಿಗುವಂತಿರಬೇಕು.

ತಿದ್ದುಪಡಿ, ಬಟವಾಡೆ

ತಪ್ಪು ಹಾಜರಿಯನ್ನು ಅಳಿಸಲು ಯಾರಿಗೂ ಬಿಡಬೇಡಿ. ಹಳೆಯದು ಹಾಗೇ ಉಳಿದು, ಅದರ ಕೆಳಗೆ ತಿದ್ದಿದ್ದು ಯಾರು, ಯಾವಾಗ, ಏಕೆ ಎಂಬುದು ಸೇರಲಿ. ತಿದ್ದಿದ ಕೂಡಲೇ ಕಾರ್ಮಿಕರಿಗೆ ಮತ್ತೊಂದು ಎಸ್‌ಎಂಎಸ್ ಹೋಗಬೇಕು.

ಗುತ್ತಿಗೆದಾರರ ಪರದೆಗೆ ಬೇಕಾದ್ದು ಕಡಿಮೆ: ಇಂದು ಯಾವ ಸೈಟಿನಲ್ಲಿ ಎಷ್ಟು ಜನ, ಈ ವಾರ ಕೊಡಬೇಕಾದ ಮೊತ್ತ, ಕೊಟ್ಟ ಮುಂಗಡ. ಚಾಟ್, ಬಣ್ಣಬಣ್ಣದ ನಕ್ಷೆ ಎಲ್ಲ ತುಂಬಿದರೆ ಮೂಗಿಗಿಂತ ಮೂಗುತಿ ಭಾರ.

ಇನ್ನೊಂದು ಪುಟ ಮಾತ್ರ ಮರೆಯದೆ ಸೇರಿಸಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು ಎಂಬುದು 1996ರ ಕಾಯ್ದೆ ತಂದ ನಿಯಮ. ಬೇರೆ ಬೇರೆ ಮೇಸ್ತ್ರಿಗಳ ಕೈಕೆಳಗೆ ದುಡಿದವರಿಗೆ ಇದನ್ನು ತೋರಿಸುವುದೇ ಕಷ್ಟ. ದಿನಗಳ ಒಟ್ಟು ಲೆಕ್ಕವನ್ನು ಸೈಟಿನ ವಿಳಾಸದೊಂದಿಗೆ ಮುದ್ರಿಸಿಕೊಳ್ಳುವಂತಿದ್ದರೆ ಕೆಲಸದ ಪ್ರಮಾಣಪತ್ರ ಕೇಳುವಾಗ ಅವರ ಕೈಯಲ್ಲೊಂದು ಆಧಾರವಿರುತ್ತದೆ.

ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಬೇಡಿ. ಜುಲೈ ತಿಂಗಳಲ್ಲಿ ಒಂದೇ ಸೈಟು, ಒಂದೇ ಗ್ಯಾಂಗು ಆರಿಸಿಕೊಂಡು ಪುಸ್ತಕ ಮತ್ತು ಆ್ಯಪ್ ಎರಡನ್ನೂ ಒಟ್ಟಿಗೆ ನಡೆಸಿ. ಪ್ರತಿ ಬಟವಾಡೆಯ ದಿನ ಎರಡರ ಮೊತ್ತ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಬಂದ ಹೆಸರುಗಳನ್ನು ಮೇಸ್ತ್ರಿ ಮತ್ತು ಆ ಕಾರ್ಮಿಕರ ಎದುರೇ ಓದಿ. ಸತತ ನಾಲ್ಕು ವಾರ ಎರಡೂ ತಾಳೆಯಾಗುವವರೆಗೆ ಎರಡನೇ ಸೈಟಿಗೆ ಹೋಗಬೇಡಿ.