ಬಿಸಿಲೂರಿನವರು ಸಮುದ್ರಕ್ಕೆ ಹೋದದ್ದು

ವಿಶಾಖಪಟ್ಟಣಕ್ಕೆ ಹೋಗೋಣ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು. “ಬಿಸಲಾಗ ಕುಂದ್ರಲಾಕ ಅಷ್ಟ್ ದೂರ ಯಾಕಪಾ? ಕಲಬುರಗ್ಯಾಗ ಏನ್ ಕಮ್ಮಿ ಅದ?”

ಮಾತು ಸುಳ್ಳಲ್ಲ. ಅದಕ್ಕೇ ಮೇ ತಿಂಗಳನ್ನು ಮೊದಲೇ ಕೈಬಿಟ್ಟೆ. ನಮ್ಮ 42 ಡಿಗ್ರಿಯ ಒಣ ಬಿಸಿಲು ಸುಡುತ್ತದೆ ನಿಜ, ಆದರೆ ನೆರಳಿಗೆ ಹೋದರೆ ಜೀವ ಬರುತ್ತದೆ. ಕಡಲೂರಿನ ಧಗೆ ಹಾಗಲ್ಲ, ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ದಸರಾ ರಜೆಯಲ್ಲಿ ಹೋಗೋಣವೆಂದರೆ ಅದು ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲ. 2014ರಲ್ಲಿ ಹುದ್‌ಹುದ್ ಆ ಊರಿಗೆ ಬಡಿದದ್ದು ಅಕ್ಟೋಬರ್ 12ರಂದು. ಸಂಕ್ರಾಂತಿಗೆ ಆಂಧ್ರದವರೆಲ್ಲ ಊರಿಗೆ ಹೊರಡುತ್ತಾರೆ, ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊನೆಗೆ ತೊಗರಿ ರಾಶಿ ಮುಗಿದ ಮೇಲೆ, ಜನವರಿ 26ರ ಆಸುಪಾಸು ಎಂದು ಗೊತ್ತುಮಾಡಿದೆವು. ರಾಶಿ ಮುಗಿಯದೆ ಅಪ್ಪ ಹೊಲ ಬಿಟ್ಟು ಕದಲುವವರೂ ಅಲ್ಲ.

ಈ ಊರನ್ನೇ ಆರಿಸಿಕೊಳ್ಳಲು ಎರಡು ಕಾರಣ. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆಯೇ ಹಾದು ಹೋಗುತ್ತದೆ, ನಡುವೆ ಎಲ್ಲೂ ಇಳಿದು ಹತ್ತುವ ಗೋಜಿಲ್ಲ. ಇನ್ನೊಂದು, ಅವ್ವನ ತವರು ಸೇಡಂ ಕಡೆ, ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ಆಟೋದವರ ಜೊತೆ ಚೌಕಾಸಿ ಮಾಡುವ ಕೆಲಸ ಪೂರ್ತಿ ಅವಳದೇ ಆಯಿತು.

ನನ್ನ ತಲೆ ಹೆಚ್ಚು ತಿಂದದ್ದು ಟಿಕೆಟ್. ಹಿಂದೊಮ್ಮೆ ತಿರುಪತಿಗೆ ಹೋಗುವಾಗ ಎಲ್ಲರ ಹೆಸರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಿದ್ದೆ. ಮೊಣಕಾಲು ನೋವಿನ ಅಪ್ಪನಿಗೆ ಮೇಲಿನ ಬರ್ತ್ ಬಂದು, ರಾತ್ರಿಯಿಡೀ ಯಾರ್ಯಾರನ್ನೋ ಬೇಡಿಕೊಂಡಿದ್ದೆ. ಆಮೇಲೆ ತಿಳಿಯಿತು: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಆದರೆ ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಅವರ ಜೊತೆ ನಮ್ಮ ಹೆಸರು ಸೇರಿಸಿದರೆ ಕೋಟಾ ಸಿಗುವುದಿಲ್ಲ. ಈ ಸಲ ಅಪ್ಪ-ಅವ್ವನದು ಬೇರೆ ಟಿಕೆಟ್, ನಮ್ಮದು ಬೇರೆ. ಈಗ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ನವೆಂಬರ್ ಕೊನೆಯ ಒಂದು ಬೆಳಿಗ್ಗೆ 8 ಹೊಡೆಯುವಾಗ ನಾನು ಒಂದು ಫೋನ್, ಹೆಂಡತಿ ಇನ್ನೊಂದು ಫೋನ್ ಹಿಡಿದು ಕೂತಿದ್ದೆವು. ಎರಡೂ ಕೆಳಗಿನವೇ ಸಿಕ್ಕವು.

ಲಾಡ್ಜಿಗೆ ಫೋನ್ ಮಾಡಿ ಕೇಳಿದ್ದು ಎರಡೇ: ಲಿಫ್ಟ್ ಅದೇನ್ರಿ? ಕಮೋಡ್ ಅದೇನ್ರಿ? ಕಿಟಕಿಯಿಂದ ಸಮುದ್ರ ಕಾಣಬೇಕೆಂಬ ಹಟ ಹೆಂಡತಿಯದು. ಬಾಡಿಗೆ ಕೇಳಿದ ಮೇಲೆ ಅವಳೇ ಸುಮ್ಮನಾದಳು.

ಅರಕು ಕಣಿವೆ, ಬೊರ್ರಾ ಗುಹೆ ಎರಡನ್ನೂ ಬಿಟ್ಟೆವು. ನೂರು ಕಿಲೋಮೀಟರ್‌ಗೂ ಮಿಕ್ಕಿದ ಘಟ್ಟದ ದಾರಿ, ಮೇಲೆ ಗುಹೆಯ ಮೆಟ್ಟಿಲು, ಅಪ್ಪನ ಮೊಣಕಾಲು. ಹಾಗೆ ಉಳಿದ ದಿನವನ್ನು ಸಿಂಹಾಚಲಕ್ಕೆ ಕೊಟ್ಟೆವು. ಅಲ್ಲಿ ನರಸಿಂಹನ ಮೂರ್ತಿ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತದೆ, ನಿಜರೂಪ ಕಾಣುವುದು ಅಕ್ಷಯ ತೃತೀಯದ ದಿನ ಮಾತ್ರ. ಅವ್ವ ಕೈಮುಗಿದು ನನ್ನ ಕಿವಿಯಲ್ಲಿ, “ನೋಡಪಾ, ನಮ್ಮ ಲಿಂಗಪ್ಪನಂಗೇ ಕುಂತಾನ” ಅಂದಳು. ನೋಡಿದರೆ ಹೌದು, ಲಿಂಗದ ಆಕಾರವೇ.

ತಪ್ಪು ಆಗಲಿಲ್ಲವೆಂದಲ್ಲ. ಕುರುಸುರಾ ಜಲಾಂತರ್ಗಾಮಿ ನೋಡುವುದೇ ಮಗನ ದೊಡ್ಡ ಆಸೆ. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದ ಹಡಗನ್ನು ರಾಮಕೃಷ್ಣ ಬೀಚಿನ ಮರಳಿಗೆ ಎಳೆತಂದು ಮ್ಯೂಸಿಯಂ ಮಾಡಿದ್ದಾರೆ. ಕಡೆಯ ದಿನಕ್ಕೆಂದು ಇಟ್ಟುಕೊಂಡೆ. ಆ ದಿನ ಸೋಮವಾರ, ಮ್ಯೂಸಿಯಂಗೆ ವಾರದ ರಜೆ. ಮಗ ಹೊರಗಿನಿಂದಲೇ ನೋಡಿ, ಊಟದ ತನಕ ನನ್ನ ಜೊತೆ ಮಾತು ಬಿಟ್ಟ.

ರಾಮಕೃಷ್ಣ ಬೀಚಿನಲ್ಲಿ ಪಾದ ತೋಯಿಸಿದ್ದಷ್ಟೇ. ಅಲ್ಲಿ ತಳ ತಟ್ಟನೆ ಇಳಿಯುತ್ತದೆ, ಸೆಳವು ಜೋರು. ಕೆರೆಯಲ್ಲಿ ಈಜು ಕಲಿತ ನಮ್ಮಂಥವರಿಗೆ ಅಲೆಯ ಲೆಕ್ಕ ಗೊತ್ತಾಗುವುದಿಲ್ಲ. ಮುಂಜಾನೆ ಹೋಗಿ, ಸೂರ್ಯ ನೀರಿನಿಂದ ಏಳುವುದನ್ನು ನೋಡಿ, ಎಂಟಕ್ಕೆ ನಾಷ್ಟಾಕ್ಕೆ ವಾಪಸ್.

ಅಪ್ಪನಿಗೆಂದು ಅವ್ವ ನಲವತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಂಡಿದ್ದಳು. ಮೂರು ಹೊತ್ತೂ ಅನ್ನ ತಿಂದರೆ ಅವರಿಗೆ ಉಂಡಂತಾಗದು. ಎರಡನೇ ದಿನಕ್ಕೇ ಕಡಲ ಗಾಳಿಗೆ ರೊಟ್ಟಿ ಮೆತ್ತಗಾಗಿ ಚರ್ಮದಂತಾಯಿತು. ಮುರಿದರೆ ಸದ್ದಿಲ್ಲ. ಅಪ್ಪ ಒಂದನ್ನು ತಿರುವಿ ಮುರುವಿ ನೋಡಿ ಡಬ್ಬಿಗೇ ಹಾಕಿದರು.

ಉಳಿದ ಹನ್ನೊಂದು ರೊಟ್ಟಿ ಮನೆಗೇ ಬಂದವು. ಅವ್ವ ಮಾಳಿಗೆ ಮೇಲೆ ಬಟ್ಟೆ ಹಾಸಿ ಹರವಿದಳು. ಮಧ್ಯಾಹ್ನ ಅಪ್ಪ ಒಂದನ್ನು ಮುರಿದ ಸದ್ದು ಕೆಳಗಿನ ಪಡಸಾಲೆಗೂ ಕೇಳಿಸಿತು.